ಆ ಫೈಲು ಯಾರದ್ದು ಅಂತ ಕೇಳು, ಮೊಗಾ

ಡಿಸ್ಕು ತುಂಬುತ್ತಾ ಬಂತು ಅಂತ ನಡುರಾತ್ರಿ ನಿನ್ನ ಫೋನು ಬಡಿದುಕೊಳ್ಳುತ್ತೆ. ಕಣ್ಣುಜ್ಜಿಕೊಂಡು ಎದ್ದು ಲ್ಯಾಪ್‌ಟಾಪು ತೆಗೆಯುತ್ತೀಯ. ಎಲ್ಲಕ್ಕಿಂತ ದೊಡ್ಡ ಫೈಲು ಯಾವುದು ಅಂತ ಹುಡುಕುತ್ತೀಯ. ಸಿಗುತ್ತೆ. ಆದರೆ ಅದಕ್ಕೆ ಹೆಸರಿಲ್ಲ, ಬರೀ ನಂಬರು. 24731 ಅಂತಲೋ, 24731.4 ಅಂತಲೋ. ‘ಯಾವುದೋ ಹಳೇ ಕಸ ಇರಬೇಕು’ ಅಂದುಕೊಳ್ಳುತ್ತೀಯ. ನಿನ್ನ ತಲೆ ಚುರುಕು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನಿನ್ನ ಬೆರಳು ತಲೆಗಿಂತ ಒಂದು ಹೆಜ್ಜೆ ಮುಂದೆ. ಅದನ್ನೇ ಹಿಡಿದುಕೊಳ್ಳಬೇಕು ಅಂತ ಇಷ್ಟು ಹೇಳೋಕೆ ಕೂತಿದ್ದೀನಿ.

ನಾನು ಮೆಷಿನ್ ರೂಮುಗಳಲ್ಲೇ ತಲೆ ನರೆಸಿಕೊಂಡವನು. ಈಗ ಯಳಂದೂರಿನಲ್ಲಿ ಬಿಳಿಗಿರಿರಂಗನ ಬೆಟ್ಟ ಎದುರಿಗಿಟ್ಟುಕೊಂಡು ಆರಾಮಾಗಿದ್ದೀನಿ. ಈ ಕಡೆಯಿಂದ, ಕೊಳ್ಳೇಗಾಲ ಹನೂರುಗಳಿಂದ, ನಿನ್ನಂಥ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗಿ ಡೇಟಾಬೇಸು ಕಾಯುವ ಕೆಲಸ ಹಿಡಿದಿದ್ದೀರಿ ಅಂದರೆ ನನಗೆ ಹೆಮ್ಮೆ. ಅದಕ್ಕೇ ಸಲುಗೆಯಿಂದ ಗದರುತ್ತೀನಿ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಆ ನಂಬರಿನ ಸಂಗತಿ ತಿಳಿದುಕೋ. ಪೋಸ್ಟ್‌ಗ್ರೆಸ್ಸಿನಲ್ಲಿ ನೀನು ಟೇಬಲ್ಲಿಗೆ ‘ರೈತರು’ ಅಂತ ಚೆಂದದ ಹೆಸರಿಟ್ಟರೂ ಡಿಸ್ಕಿನ ಮೇಲಿನ ಫೈಲಿಗೆ ಆ ಹೆಸರು ಬರೋದಿಲ್ಲ. ‘ಬೇಸ್’ ಅನ್ನುವ ಫೋಲ್ಡರಿನೊಳಗೆ ಒಂದೊಂದು ಡೇಟಾಬೇಸಿಗೂ ಒಂದೊಂದು ನಂಬರಿನ ಫೋಲ್ಡರು. ಅದರೊಳಗೆ ಟೇಬಲ್ಲಿಗೊಂದು ನಂಬರಿನ ಫೈಲು. ಫೈಲು 1 ಜಿಬಿ ಮುಟ್ಟಿತು ಅನ್ನು, ಅದೇ ನಂಬರಿಗೆ ಚುಕ್ಕಿ ಒಂದು ಅಂತ ಹೊಸ ತುಂಡು ಹುಟ್ಟುತ್ತೆ, ಆಮೇಲೆ ಚುಕ್ಕಿ ಎರಡು. ಹೆಸರನ್ನೇ ಫೈಲಿಗೂ ಇಡಬಹುದಿತ್ತಲ್ಲ ಅಂತ ಕೇಳುತ್ತೀಯ. ಹಾಗಿಟ್ಟಿದ್ದರೆ ಟೇಬಲ್ಲಿನ ಹೆಸರು ಬದಲಾಯಿಸಿದಾಗೆಲ್ಲ ಡಿಸ್ಕಿನ ಮೇಲೆ ಫೈಲಿನ ಹೆಸರೂ ಬದಲಾಯಿಸಬೇಕು, ಮನಸ್ಸು ಬದಲಾಯಿಸಿ ರೋಲ್‌ಬ್ಯಾಕ್ ಮಾಡಿದರೆ ಅದನ್ನೂ ಹಿಂದಕ್ಕೆ ತಿರುಗಿಸಬೇಕು. ನಂಬರಾದರೆ ಆ ರಗಳೆಯಿಲ್ಲ. ಹೆಸರು ಕ್ಯಾಟಲಾಗಿನಲ್ಲಿ ಬದಲಾಗುತ್ತೆ, ಫೈಲು ಇದ್ದಲ್ಲೇ ಇರುತ್ತೆ.

ಚುಕ್ಕಿ ಇಟ್ಟ ತುಂಡಿನ ಬಗ್ಗೆ ಇನ್ನೊಂದು ಮಾತು. ‘.2 ಅನ್ನೋದು ಹಳೇ ಕಾಪಿ ಇರಬೇಕು’ ಅಂತ ಅಳಿಸಲು ಹೊರಟವರನ್ನು ನಾನು ಕಂಡಿದ್ದೀನಿ. ಅದು ಕಾಪಿಯಲ್ಲ, ಟೇಬಲ್ಲಿನ ಹೊಟ್ಟೆಯ ಭಾಗ. ನಡುವಿನ ಒಂದು ತುಂಡು ಮಾಯವಾದರೆ, ಟೇಬಲ್ಲು ಅಲ್ಲಿಗೇ ಮುಗಿಯಿತು ಅಂತ ಪೋಸ್ಟ್‌ಗ್ರೆಸ್ ತಿಳಿಯುತ್ತೆ. ಮುಂದಿನ .3, .4 ಡಿಸ್ಕಿನ ಮೇಲೆ ಕಣ್ಣೆದುರಿಗೇ ಇದ್ದರೂ ಇಡೀ ಟೇಬಲ್ಲು ಓದುವಾಗ ಅತ್ತ ಹೋಗೋದೇ ಇಲ್ಲ. ಕಿರುಚಿಕೊಂಡು ಎರರ್ ಕೊಟ್ಟರೆ ಪುಣ್ಯ. ಸದ್ದಿಲ್ಲದೆ ಸಾಲುಗಳು ಕಡಿಮೆ ಬಂದರೆ ಯಾರಿಗೆ ಯಾವಾಗ ಗೊತ್ತಾಗಬೇಕು ಹೇಳು.

ನಮ್ಮ ಸೀಮೆಯವರಿಗೆ ಈ ನಂಬರಿನ ವ್ಯವಹಾರ ಹೊಸದೇನಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು, ಮೈಸೂರಿನದು. ಎರಡು ಸರ್ಕಾರ, ಎರಡು ಬಗೆಯ ದಫ್ತರ, ಆದರೆ ಒಂದೇ ಬೆಟ್ಟದ ತಪ್ಪಲು. ಇಲ್ಲಿ ಜಮೀನಿನ ಮಾತು ಬಂದರೆ ಯಜಮಾನ ಹೆಸರು ಹೇಳುತ್ತಾನೆ, ಕಚೇರಿ ಸರ್ವೆ ನಂಬರು ಕೇಳುತ್ತೆ. ಅಪ್ಪ ಹೋಗಿ ಮಗ ಬಂದ, ಕ್ರಯವಾಯಿತು, ದಾನವಾಯಿತು. ಪಹಣಿಯಲ್ಲಿ ಹೆಸರು ಬದಲಾಗುತ್ತೆ, ನಂಬರು ಹಾಗೇ ಇರುತ್ತೆ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಪೋಡಿಯಾದರೆ ಹಿಸ್ಸಾ ನಂಬರು ಬೀಳುತ್ತೆ. ಇನ್ನೊಂದು ಗಮನಿಸು. ಸರ್ವೆ ನಂಬರು 45 ಅಂದರೆ ಯಾವ ಊರಿನದು? ಊರೂರಿಗೂ ಒಂದು 45 ಇರಬಹುದು. ಗ್ರಾಮ, ಹೋಬಳಿ, ತಾಲ್ಲೂಕು ಹೇಳದೆ ನಂಬರು ಹೇಳಿದರೆ ಗುಮಾಸ್ತ ತಲೆ ಎತ್ತಿ ನೋಡೋದೂ ಇಲ್ಲ. ನಿನ್ನ ಫೈಲೂ ಅಷ್ಟೇ. 24731 ಅನ್ನೋದು ಒಂದು ಡೇಟಾಬೇಸಿನ ಒಂದು ಟೇಬಲ್‌ಸ್ಪೇಸಿನೊಳಗೆ ಮಾತ್ರ ಒಂದೇ. ಪಕ್ಕದ ಡೇಟಾಬೇಸಿನಲ್ಲಿ ಅದೇ ನಂಬರು ಬೇರೆ ಟೇಬಲ್ಲಿನದಾಗಿರಬಹುದು. ನೀನು ಒಂದು ಡೇಟಾಬೇಸಿಗೆ ಲಾಗಿನ್ ಆಗಿ, ಇನ್ನೊಂದರ ಫೋಲ್ಡರು ನೋಡಿ, ‘ಈ ನಂಬರು ಕ್ಯಾಟಲಾಗಿನಲ್ಲೇ ಇಲ್ಲ’ ಅಂದುಬಿಟ್ಟರೆ, ಕೊಳ್ಳೇಗಾಲದ ಕಚೇರಿಯಲ್ಲಿ ಯಳಂದೂರಿನ ಪಹಣಿ ಕೇಳಿ ಜಮೀನೇ ಇಲ್ಲ ಅಂದಂತಾಯಿತು.

ಸರ್ವೆ ನಂಬರಿಗೂ ನಿನ್ನ ಫೈಲ್ ನಂಬರಿಗೂ ಒಂದು ದೊಡ್ಡ ವ್ಯತ್ಯಾಸ ಮಾತ್ರ ಉಂಟು. ಎಡವೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಕೇಳು. ಫೈಲ್ ನಂಬರು ಶಾಶ್ವತವಲ್ಲ. ಟೇಬಲ್ಲಿಗೆ ಹುಟ್ಟಿನಿಂದ ಒಂದು ಗುರುತಿನ ನಂಬರು ಇರುತ್ತೆ, ಅದು ಓಐಡಿ. ಅದು ಬದಲಾಗೋದಿಲ್ಲ. ಫೈಲಿನದು ಬೇರೆ ನಂಬರು, ಅದಕ್ಕೆ ರೆಲ್‌ಫೈಲ್‌ನೋಡ್ ಅಂತಾರೆ. ಟೇಬಲ್ಲು ಹೊಸದಾಗಿದ್ದಾಗ ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ. ಅದನ್ನು ನೋಡಿ ನೀನು ‘ಓಹೋ, ಎರಡೂ ಒಂದೇ’ ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತೀಯ. ಆಮೇಲೆ ಯಾರೋ ಟ್ರಂಕೇಟ್ ಮಾಡುತ್ತಾರೆ, ಇನ್ಯಾರೋ ವ್ಯಾಕ್ಯೂಮ್ ಫುಲ್ ಓಡಿಸುತ್ತಾರೆ, ಇಂಡೆಕ್ಸಿಗೆ ರೀಇಂಡೆಕ್ಸ್ ಮಾಡುತ್ತಾರೆ, ಕಾಲಮ್ಮಿನ ಬಗೆ ಬದಲಾಯಿಸುತ್ತಾರೆ. ಇವುಗಳಲ್ಲಿ ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್ ಹಳೇ ಫೈಲನ್ನು ತಿದ್ದುವ ಬದಲು ಹೊಸ ನಂಬರಿನ ಹೊಸ ಫೈಲು ಕಟ್ಟಿ, ಕೆಲಸ ಕಮಿಟ್ ಆದ ಮೇಲೆ ಹಳೇದನ್ನು ತೆಗೆಯುತ್ತದೆ. ಮೊನ್ನೆ ಬರೆದುಕೊಂಡ ನಂಬರು ಇವತ್ತಿಗೆ ಸುಳ್ಳು. ಅದಕ್ಕೇ ಡೈರಿ ನಂಬಬೇಡ, ಪ್ರತಿ ಸಲವೂ ಕೇಳು. ಪಿಜಿ_ರಿಲೇಶನ್_ಫೈಲ್‌ಪಾತ್ ಅಂತ ಒಂದು ಫಂಕ್ಷನ್ನು ಇದೆ, ಟೇಬಲ್ಲಿನ ಹೆಸರು ಕೊಟ್ಟರೆ ಫೈಲಿನ ದಾರಿ ಹೇಳುತ್ತೆ. ಪಿಜಿ_ಫೈಲ್‌ನೋಡ್_ರಿಲೇಶನ್ ಅಂತ ಇನ್ನೊಂದು, ಟೇಬಲ್‌ಸ್ಪೇಸಿನ ಓಐಡಿ ಮತ್ತು ಫೈಲ್ ನಂಬರು ಕೊಟ್ಟರೆ ಟೇಬಲ್ಲು ಯಾವುದು ಅಂತ ಹೇಳುತ್ತೆ. ಎರಡು ಸಾಲಿನ ಕೆಲಸ. ಇಷ್ಟಕ್ಕೂ ಪುರುಸೊತ್ತಿಲ್ಲ ಅಂದರೆ ಆ ಕುರ್ಚಿಯಲ್ಲಿ ಕೂರಬೇಡ.

ನಿನಗಿಂತ ಬುದ್ಧಿವಂತರು ಇನ್ನೊಂದು ಕಡೆ ಎಡವುತ್ತಾರೆ. ಅವರು ಪಿಜಿ_ಕ್ಲಾಸ್ ಅನ್ನುವ ಕ್ಯಾಟಲಾಗ್ ಟೇಬಲ್ಲಿನಲ್ಲಿ ಫೈಲ್ ನಂಬರುಗಳ ಕಾಲಮ್ಮು ತೆಗೆದು, ಡಿಸ್ಕಿನ ಮೇಲಿನ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ತಾಳೆಯಾಗದ ಫೈಲೆಲ್ಲ ಅನಾಥ ಅಂತ ತೀರ್ಮಾನಿಸುತ್ತಾರೆ. ಕೇಳೋಕೆ ಸರಿಯಾಗೇ ಇದೆ. ಆದರೆ ಕೆಲವು ಮೂಲ ಕ್ಯಾಟಲಾಗುಗಳಿಗೆ ಆ ಕಾಲಮ್ಮಿನಲ್ಲಿ ಸೊನ್ನೆ ಇರುತ್ತೆ. ಪಿಜಿ_ಕ್ಲಾಸಿಗೂ ಹಾಗೇ. ತನ್ನ ಫೈಲು ಎಲ್ಲಿದೆ ಅಂತ ತಿಳಿಯೋಕೆ ಮೊದಲು ತನ್ನ ಫೈಲನ್ನೇ ಓದಬೇಕಾಗುತ್ತಲ್ಲ, ಅದಕ್ಕೆ ಆ ನಂಬರುಗಳನ್ನು ಪಿಜಿ_ಫೈಲ್‌ನೋಡ್.ಮ್ಯಾಪ್ ಅಂತ ಬೇರೊಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟಿರುತ್ತೆ. ಬುದ್ಧಿವಂತರ ಪಟ್ಟಿಯಲ್ಲಿ ಅನಾಥ ಅಂತ ಬಂದದ್ದು ಇಡೀ ಡೇಟಾಬೇಸಿನ ಗುಂಡಿಗೆ! ನಾನು ಹೇಳಿದ ಆ ಎರಡು ಫಂಕ್ಷನ್ನುಗಳು ಈ ಮ್ಯಾಪನ್ನೂ ನೋಡಿಯೇ ಉತ್ತರ ಕೊಡುತ್ತವೆ, ಅದಕ್ಕೇ ಅವನ್ನೇ ಬಳಸು ಅಂದದ್ದು.

ಇನ್ನು ಅಳಿಸುವ ಮಾತು. ಡ್ರಾಪ್ ಟೇಬಲ್ ಕೊಟ್ಟೆ. ತಕ್ಷಣ ಫೋಲ್ಡರಿಗೆ ಹೋಗಿ ನೋಡುತ್ತೀಯ, ಅದೇ ನಂಬರಿನ ಫೈಲು ಸೊನ್ನೆ ಗಾತ್ರವಾಗಿ ಅಲ್ಲೇ ಕೂತಿದೆ. ‘ಸರಿಯಾಗಿ ಅಳಿಸೋಕೂ ಬರಲ್ಲ ಇದಕ್ಕೆ’ ಅಂತ ಬೈದು ನೀನೇ ತೆಗೆಯಲು ಹೋಗುತ್ತೀಯ. ತಡಿ. ಅದು ಬೇಕಂತಲೇ ಬಿಟ್ಟದ್ದು. ಕಮಿಟ್ ಆಗುವವರೆಗೆ ಫೈಲು ಮುಟ್ಟೋದಿಲ್ಲ, ಏಕೆಂದರೆ ನೀನು ರೋಲ್‌ಬ್ಯಾಕ್ ಅನ್ನಬಹುದು. ಕಮಿಟ್ ಆದ ಮೇಲೆ ಒಳಗಿದ್ದದ್ದನ್ನು ಖಾಲಿ ಮಾಡುತ್ತೆ, ಆದರೆ ಮೊದಲ ತುಂಡಿನ ಹೆಸರನ್ನು ಮುಂದಿನ ಚೆಕ್‌ಪಾಯಿಂಟಿನವರೆಗೆ ಉಳಿಸಿಕೊಳ್ಳುತ್ತೆ. ಸೆಟ್ಟಿಂಗು ಯಾರೂ ಮುಟ್ಟಿಲ್ಲದಿದ್ದರೆ ಅದು 5 ನಿಮಿಷಕ್ಕೊಮ್ಮೆ ಬರುತ್ತೆ. ಯಾಕೆ ಉಳಿಸಿಕೊಳ್ಳುತ್ತೆ? ಆ ನಂಬರು ಬೇರೆಯವರಿಗೆ ಬೇಗ ಹೋಗದಿರಲಿ ಅಂತ. ಲೆಕ್ಕ ಹಾಕಿ ನೋಡು. ಹಳೇ ಟೇಬಲ್ಲು ಹೋಯಿತು, ಅದೇ ನಂಬರು ಹೊಸ ಟೇಬಲ್ಲಿಗೆ ಸಿಕ್ಕಿತು, ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಎದ್ದಾಗ ಕೊನೆಯ ಚೆಕ್‌ಪಾಯಿಂಟಿನಿಂದ ವ್ಯಾಲ್ ಅನ್ನುವ ಲಾಗಿನಲ್ಲಿ ಬರೆದದ್ದನ್ನೆಲ್ಲ ಡೇಟಾಬೇಸು ಇನ್ನೊಮ್ಮೆ ಮಾಡುತ್ತಾ ಬರುತ್ತೆ. ಅದರಲ್ಲಿ ‘ಈ ನಂಬರು ಅಳಿಸು’ ಅನ್ನೋದೂ ಇದೆ. ಹೊಸ ಟೇಬಲ್ಲಿನ ಫೈಲು ಅಳಿಸಿಹೋಗುತ್ತೆ. ಅದರ ಸಾಲುಗಳು ಲಾಗಿನಲ್ಲಿದ್ದರೆ ಮತ್ತೆ ತುಂಬಿಕೊಳ್ಳುತ್ತವೆ. ವ್ಯಾಲ್ ಲೆವೆಲ್ಲನ್ನು ಮಿನಿಮಲ್ ಅಂತ ಇಟ್ಟು, ಲಾಗಿಗೆ ಬರೆಯದೆ ನೇರ ಫೈಲಿಗೇ ತುಂಬಿದ್ದರೆ ಹೋದದ್ದು ಹೋಯಿತು. ಇಷ್ಟು ದೂರ ಯೋಚಿಸಿ ಆ ಸೊನ್ನೆ ಗಾತ್ರದ ಫೈಲನ್ನು ಕಾವಲಿಗೆ ಬಿಟ್ಟಿದ್ದಾರೆ. ಅದನ್ನು ಕಟ್ಟಿದವರ ತಾಳ್ಮೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೀನಿ. ನೀನು ಅದನ್ನು ಅರ್ಧ ಸೆಕೆಂಡಿನಲ್ಲಿ ತೆಗೆಯಲು ಹೊರಟಿದ್ದೆ.

ಹಾಗಾದರೆ ಅನಾಥ ಫೈಲು ಇರೋದೇ ಇಲ್ಲವಾ? ಇರುತ್ತೆ. ದೊಡ್ಡ ಟೇಬಲ್ಲು ಕಟ್ಟುವಾಗಲೋ ವ್ಯಾಕ್ಯೂಮ್ ಫುಲ್ ನಡೆಯುವಾಗಲೋ ಸರ್ವರು ಬಿದ್ದರೆ, ಅರ್ಧ ಕಟ್ಟಿದ ಫೈಲು ಹಾಗೇ ಉಳಿದುಬಿಡುತ್ತೆ. ಕ್ಯಾಟಲಾಗಿನಲ್ಲಿ ಅದರ ಸಾಲು ಕಮಿಟ್ ಆಗಿರುವುದಿಲ್ಲ. ತಾತ್ಕಾಲಿಕ ಫೈಲುಗಳನ್ನು ಪೋಸ್ಟ್‌ಗ್ರೆಸ್ ಮತ್ತೆ ಶುರುವಾದಾಗ ಗುಡಿಸುತ್ತೆ, ಈ ಅರೆಬರೆ ಫೈಲನ್ನು ತಾನಾಗಿ ಗುಡಿಸೋದಿಲ್ಲ. ಆಗ ನಿನ್ನ ಕೆಲಸ ಶುರು. ಆದರೆ ಅಲ್ಲೂ ಒಂದು ಹಳ್ಳ ಇದೆ. ಈ ಕ್ಷಣ ಯಾರೋ ಎರಡು ಗಂಟೆಯಿಂದ ಇಂಡೆಕ್ಸು ಕಟ್ಟುತ್ತಿದ್ದಾರೆ ಅನ್ನು. ಅವರದಿನ್ನೂ ಕಮಿಟ್ ಆಗಿಲ್ಲ, ಆದ್ದರಿಂದ ಅವರ ಫೈಲಿನ ನಂಬರು ನಿನ್ನ ಕಣ್ಣಿಗೆ ಕ್ಯಾಟಲಾಗಿನಲ್ಲಿ ಕಾಣೋದಿಲ್ಲ. ಜೀವಂತ ಫೈಲಿಗೂ ಅನಾಥ ಫೈಲಿಗೂ ಹೊರಗಿಂದ ಒಂದೇ ಮುಖ. ಅದಕ್ಕೇ ಮೊದಲು ನಡೆಯುತ್ತಿರುವ ಟ್ರಾನ್ಸಾಕ್ಷನ್ನುಗಳನ್ನು ನೋಡು, ಫೈಲಿನ ತಾರೀಖು ನೋಡು, ಸರ್ವರು ಯಾವಾಗ ಬಿದ್ದಿತ್ತು ಅಂತ ಲಾಗಿನಲ್ಲಿ ನೋಡು. ತಾರೀಖು ಬಿದ್ದ ಹೊತ್ತಿಗೆ ಹೊಂದಬೇಕು. ಹೊಂದಿದರೂ ಅಳಿಸಬೇಡ, ಬ್ಯಾಕಪ್ ಇದೆಯಾ ಅಂತ ಖಾತ್ರಿ ಮಾಡಿಕೊಂಡು, ಬೇರೆ ಡಿಸ್ಕಿಗೆ ಸರಿಸಿಟ್ಟು, ಕೆಲವು ದಿನ ಕಾದು, ಆಮೇಲೆ ಕಳಿಸು.

ಕಾಯೋದು ಸೋಮಾರಿತನ ಅಂತ ನಿನ್ನ ವಯಸ್ಸಿಗೆ ಅನ್ನಿಸುತ್ತೆ. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಒಮ್ಮೆ ಹೋಗಿ ನೋಡು. ಕಡತ ಮುಗಿದ ದಿನ ಅದನ್ನು ಹರಿದು ಹಾಕುವುದಿಲ್ಲ. ಎ, ಬಿ, ಸಿ, ಡಿ, ಇ ಅಂತ ವರ್ಗ ಮಾಡುತ್ತಾರೆ. ಎ ಅಂದರೆ ಶಾಶ್ವತ, ಬಿ ಅಂದರೆ 30 ವರ್ಷ, ಸಿ 10, ಡಿ 5, ಇ ವರ್ಗದ್ದು 1 ವರ್ಷ. ಅವಧಿ ಮುಗಿದ ಮೇಲೂ ವಹಿಯಲ್ಲಿ ನಮೂದಿಸಿಯೇ ನಾಶ ಮಾಡಬೇಕು. ಬಂಡಲು ಎಷ್ಟು ಧೂಳು ಹಿಡಿದಿದೆ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ.

ಹೆಸರು ನೋಡಿ ಅಳಿಸಿದವರ ಕಥೆ ಜಗತ್ತಿನ ತುಂಬ ಇದೆ. ಪೋಸ್ಟ್‌ಗ್ರೆಸ್ಸಿನಲ್ಲಿ ಪಿಜಿ_ಎಕ್ಸ್‌ಲಾಗ್ ಅಂತ ಒಂದು ಫೋಲ್ಡರು ಇತ್ತು. ಮಾಡಿದ ಬದಲಾವಣೆಯೆಲ್ಲ ಮೊದಲು ಬರೆದುಕೊಳ್ಳುವ ಜಾಗ ಅದು. ಇನ್ನೊಂದು ಪಿಜಿ_ಸಿಲಾಗ್, ಯಾವ ಟ್ರಾನ್ಸಾಕ್ಷನ್ನು ಕಮಿಟ್ ಆಯಿತು ಯಾವುದು ಆಗಲಿಲ್ಲ ಅನ್ನುವ ಲೆಕ್ಕ. ಎರಡರಲ್ಲೂ ‘ಲಾಗ್’ ಅಂತ ಇತ್ತಲ್ಲ, ಲಾಗು ಅಂದರೆ ಬೇಡದ್ದು ಅಂತ ಡಿಸ್ಕು ತುಂಬಿದಾಗ ಜನ ಖಾಲಿ ಮಾಡಿಬಿಡುತ್ತಿದ್ದರು. ಡೇಟಾಬೇಸು ಮತ್ತೆ ಏಳುತ್ತಿರಲಿಲ್ಲ. ಕೊನೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು: ಪಿಜಿ_ವ್ಯಾಲ್, ಪಿಜಿ_ಎಕ್ಸ್ಯಾಕ್ಟ್. ಮನುಷ್ಯರ ಅವಸರಕ್ಕೆ ಒಂದು ದೊಡ್ಡ ಸಾಫ್ಟ್‌ವೇರು ತನ್ನ ಫೋಲ್ಡರಿನ ಹೆಸರು ಬಿಟ್ಟುಕೊಟ್ಟಿತು. ಪಿಜಿ_ವ್ಯಾಲ್ ಊದಿಕೊಂಡಿದ್ದರೆ ಅದು ರೋಗವಲ್ಲ, ಲಕ್ಷಣ. ಆರ್ಕೈವಿಗೆ ಕಳಿಸುವ ಕೆಲಸ ನಿಂತಿರುತ್ತೆ, ಇಲ್ಲವೇ ಯಾರೂ ಓದದ ರೆಪ್ಲಿಕೇಶನ್ ಸ್ಲಾಟೊಂದು ಮರೆತುಹೋಗಿರುತ್ತೆ. ಅದನ್ನು ಸರಿಮಾಡು, ಫೋಲ್ಡರು ತಾನೇ ಇಳಿಯುತ್ತೆ.

ಈಗ ದಿನನಿತ್ಯದ ಗುಡಿಸಾಟದ ಬಗ್ಗೆ. ಪೋಸ್ಟ್‌ಗ್ರೆಸ್ಸಿನಲ್ಲಿ ಒಂದು ಸಾಲು ತಿದ್ದಿದರೆ ಹಳೇ ಸಾಲಿನ ಮೇಲೆ ಬರೆಯೋದಿಲ್ಲ. ಹೊಸ ಸಾಲು ಬರೆದು ಹಳೇದನ್ನು ಅಲ್ಲೇ ಬಿಡುತ್ತೆ, ಅದನ್ನಿನ್ನೂ ಓದುತ್ತಿರುವವರು ಇರಬಹುದು ಅಂತ. ಯಾರಿಗೂ ಬೇಡವಾದ ಮೇಲೆ ಅದು ಸತ್ತ ಸಾಲು. ಅದನ್ನು ಆಟೋವ್ಯಾಕ್ಯೂಮ್ ಗುಡಿಸುತ್ತೆ. ಮಾಮೂಲಿ ಸೆಟ್ಟಿಂಗಿನಲ್ಲಿ, ಟೇಬಲ್ಲಿನ ಸುಮಾರು 20 ಪರ್ಸೆಂಟು ಸಾಲು ಸತ್ತರೆ ಅದು ಎದ್ದು ಬರುತ್ತೆ. ನೀನು ಒಂದು ದಿನ ‘ಇದರಿಂದ ಮೆಷಿನ್ನು ನಿಧಾನ ಆಗುತ್ತೆ’ ಅಂತ ಅದನ್ನು ಆರಿಸಿದೆ ಅನ್ನು. ಏನಾಗುತ್ತೆ ಅಂತ ನಮ್ಮ ಬೆಟ್ಟ ಹತ್ತಿ ಸೋಲಿಗರ ಹಿರಿಯರನ್ನು ಕೇಳು. ಅವರು ವರ್ಷವರ್ಷ ಬೇಸಿಗೆ ಬಲಿಯುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆ ಸುಡುವಷ್ಟು, ಕಾಲೆತ್ತರದ ಬೆಂಕಿ. ಮರಕ್ಕೆ ಪೆಟ್ಟಾಗದೆ ಕಸ, ಕಳೆ ಹೋಗುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಆಮೇಲೆ ಲಂಟಾನ ಕಾಡು ತುಂಬಿತು, ನೆಲ್ಲಿಮರಗಳ ಮೇಲೆ ಬದನಿಕೆ ಏರಿತು ಅಂತ ಸೋಲಿಗರು ಹೇಳುತ್ತಾರೆ, ಅವರ ಜೊತೆ ಕೆಲಸ ಮಾಡಿದ ಸಂಶೋಧಕರೂ ಅದನ್ನು ದಾಖಲಿಸಿದ್ದಾರೆ. ಲಂಟಾನ ಎದೆಮಟ್ಟ ಬೆಳೆದ ಮೇಲೆ ಬೆಂಕಿ ಬಿದ್ದರೆ ಅದು ತರಗಿನ ಬೆಂಕಿಯಾಗಿ ಉಳಿಯೋದಿಲ್ಲ, ಮರದ ನೆತ್ತಿಗೇರುತ್ತೆ. ಆಟೋವ್ಯಾಕ್ಯೂಮ್ ನಿನ್ನ ತರಗು ಬೆಂಕಿ. ಸಣ್ಣದಾಗಿ, ಆಗಾಗ ನಡೆಯಲಿ ಬಿಡು.

ಅದು ನಿಂತು ಟೇಬಲ್ಲು ಊದಿದ ಮೇಲೆ ನೀನು ವ್ಯಾಕ್ಯೂಮ್ ಫುಲ್ ಹತ್ತಿರ ಓಡುತ್ತೀಯ. ಅದು ಇಡೀ ಟೇಬಲ್ಲಿಗೆ ಬೀಗ ಹಾಕುತ್ತೆ, ಓದಲೂ ಬಿಡೋದಿಲ್ಲ. ಹಳೇ ಫೈಲಿನ ಪಕ್ಕದಲ್ಲೇ ಹೊಸ ಫೈಲು ಕಟ್ಟುತ್ತೆ, ಮುಗಿಯುವವರೆಗೆ ಎರಡೂ ಡಿಸ್ಕಿನ ಮೇಲೆ ಇರುತ್ತವೆ. ಜಾಗವೇ ಇಲ್ಲದ ಡಿಸ್ಕಿನಲ್ಲಿ ಅದನ್ನು ಓಡಿಸಿದರೆ ಇದ್ದ ಚೂರು ಜಾಗವೂ ಹೋಗಿ ಡೇಟಾಬೇಸೇ ನಿಲ್ಲಬಹುದು. ಅಟ್ಟ ಮೇಲೆ ಒಲೆ ಉರಿದ ಹಾಗೆ. ಇನ್ನೊಂದು ವಿಷಯ: ಮಾಮೂಲಿ ವ್ಯಾಕ್ಯೂಮಿನಿಂದ ಫೈಲು ಚಿಕ್ಕದಾಗಲಿಲ್ಲ ಅಂತ ಕಂಗೆಡಬೇಡ. ಅದು ಒಳಗಿನ ಜಾಗವನ್ನು ಮುಂದಿನ ಸಾಲುಗಳಿಗೆ ಬಿಡಿಸಿಡುತ್ತೆ. ಫೈಲಿನ ತುದಿಯಲ್ಲಿ ಪುಟಗಳು ಪೂರ್ತಿ ಖಾಲಿಯಿದ್ದರೆ ಮಾತ್ರ ಡಿಸ್ಕಿಗೆ ವಾಪಸ್ಸು ಕೊಡುತ್ತೆ.

ಮೈಎಸ್‌ಕ್ಯೂಎಲ್ ಕಾಯುವವರೂ ಇದ್ದೀರಿ. ನಿಮ್ಮಲ್ಲಿ ಫೈಲಿಗೆ ಟೇಬಲ್ಲಿನ ಹೆಸರೇ ಇರುತ್ತೆ, ಅದು ಸುಖ. ಆದರೆ 5.6ನೇ ಆವೃತ್ತಿಗೆ ಮುಂಚೆ ಹೇಳದೇ ಹೋದರೆ ಇನ್ನೋಡಿಬಿ ಎಲ್ಲ ಟೇಬಲ್ಲುಗಳನ್ನೂ ಐಬಿಡೇಟಾ1 ಅನ್ನುವ ಒಂದೇ ಫೈಲಿಗೆ ತುಂಬುತ್ತಿತ್ತು. ಟೇಬಲ್ಲು ಅಳಿಸಿದರೂ ಅದು ಕುಗ್ಗುತ್ತಿರಲಿಲ್ಲ. ಹಳೇ ಮೆಷಿನ್ನು ವಹಿಸಿಕೊಂಡರೆ ಮೊದಲು ಅದನ್ನು ನೋಡು.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೀನಿ ಅಂದರೆ, ಮೊಗಾ, ಆ ನಂಬರಿನ ಹಿಂದೆ ಜನ ಇದ್ದಾರೆ. ನಮ್ಮ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಈ ಶತಮಾನದ ಶುರುವಿನಲ್ಲಿ ಬಂದಾಗ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಲೆಕ್ಕ ಕಾಗದದಿಂದ ಕಂಪ್ಯೂಟರಿಗೆ ಏರಿತು. ಒಂದು ತಾಲ್ಲೂಕಿನಲ್ಲಿ ಅದು ಜಾರಿಗೆ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತಾಯಿತು. ಹನೂರಿನ ಕಡೆಯ ರೈತರೊಬ್ಬರು ಬೆಳೆಸಾಲಕ್ಕೆ ಅಂತ ನಾಡಕಚೇರಿಯ ಮುಂದೆ ನಿಂತರೆ, ಅವರ ಎರಡು ಎಕರೆ ಇದೆಯೋ ಇಲ್ಲವೋ ಅಂತ ಹೇಳೋದು ಯಾವುದೋ ಡಿಸ್ಕಿನ ಯಾವುದೋ ಫೈಲು. ನೀನು ಕಾಯುತ್ತಿರೋದು ಆಸ್ಪತ್ರೆಯದ್ದಿರಬಹುದು, ಬ್ಯಾಂಕಿನದಿರಬಹುದು, ಶಾಲೆಯದ್ದಿರಬಹುದು. ಎಲ್ಲದರ ಹಿಂದೆಯೂ ಇಂಥ ಒಬ್ಬರು ನಿಂತಿರುತ್ತಾರೆ. ಅವರಿಗೆ ನಿನ್ನ ಹೆಸರು ಗೊತ್ತಿಲ್ಲ, ನಿನ್ನ ನಿದ್ದೆಗೆಟ್ಟ ರಾತ್ರಿಯೂ ಗೊತ್ತಿಲ್ಲ.

ಸಂಕ್ರಾಂತಿಗೆ ರಜೆ ಹಾಕಿ ರಂಗಪ್ಪನ ಚಿಕ್ಕ ಜಾತ್ರೆಗೆ ಬರುತ್ತೀಯಲ್ಲ, ಬೆಟ್ಟದ ಮೇಲೆ ನಿನ್ನ ಫೋನು ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡ. ಹೊರಡುವ ಮುಂಚೆ ನಿನ್ನ ಜಾಗದಲ್ಲಿ ಕೂರುವವರಿಗೆ ಒಂದು ಹಾಳೆ ಬರೆದಿಟ್ಟು ಬಾ. ಡಿಸ್ಕು ತುಂಬಿದರೆ ಡೇಟಾ ಫೋಲ್ಡರಿನೊಳಗೆ ಕೈಯಿಂದ ಏನನ್ನೂ ಅಳಿಸಕೂಡದು ಅಂತ ಮೊದಲ ಸಾಲು. ಜಾಗ ಬೇಕಾದರೆ ಹೊರಗಿನ ಯಾವ ಫೈಲುಗಳನ್ನು ತೆಗೆಯಬಹುದು, ಡಿಸ್ಕು ಹಿಗ್ಗಿಸಲು ಯಾರನ್ನು ಕೇಳಬೇಕು ಅಂತ ಎರಡನೆಯದು. ತೆರೆದಿಟ್ಟು ಮರೆತ ಟ್ರಾನ್ಸಾಕ್ಷನ್ನು, ನಿಂತ ಆರ್ಕೈವು, ಓದದ ಸ್ಲಾಟು, ಇವನ್ನು ಎಲ್ಲಿ ನೋಡಬೇಕು ಅಂತ ಕಮಾಂಡಿನ ಸಮೇತ ಬರಿ. ಕೊನೆಯ ಬ್ಯಾಕಪ್ಪನ್ನು ಬೇರೆ ಮೆಷಿನ್ನಿನಲ್ಲಿ ಎಬ್ಬಿಸಿ ನೋಡಿದ ತಾರೀಖನ್ನೂ ಬರಿ. ಆ ತಾರೀಖು ಬರೆಯೋಕೆ ಇಲ್ಲದಿದ್ದರೆ, ಬಸ್ಸು ಹತ್ತುವ ಮುಂಚೆ ಆ ಕೆಲಸ ಮುಗಿಸು.